ಈ ಜೀನ್ ಏನು ಕೆಲಸ ಮಾಡುತ್ತೆ ಅಂತ ಬರೆದವರು ಯಾರು?

(1/10)
'ಲೆಕ್ಕದ ಪುಸ್ತಕ' ಸರಣಿಗೆ ಈ ಸಲ ಒಂದು ವಿಚಿತ್ರ ಲೆಡ್ಜರ್ ತಂದಿದ್ದೀನಿ. ಇದರಲ್ಲಿ ದುಡ್ಡಿಲ್ಲ, ಡೆಬಿಟ್-ಕ್ರೆಡಿಟ್ ಇಲ್ಲ. ಇರೋದು ಜೀನ್‌ಗಳ ಹೆಸರು, ಪ್ರತಿ ಹೆಸರಿನ ಮುಂದೆ ಅದು ದೇಹದಲ್ಲಿ ಏನು ಕೆಲಸ ಮಾಡುತ್ತೆ ಅನ್ನೋ ಒಂದು ಸಾಲು.

ನಮ್ಮ ದೊಡ್ಡಮ್ಮನ ಮಗಳು ಎಂಎಸ್ಸಿ ಬಯೋಟೆಕ್ ಓದ್ತಿದ್ದಾಳೆ. ಅವಳ ಪ್ರಾಜೆಕ್ಟ್‌ನಲ್ಲಿ ಮುನ್ನೂರು ಚಿಲ್ಲರೆ ಜೀನ್‌ಗಳ ಪಟ್ಟಿ ಇತ್ತು. ಅದನ್ನ ಒಂದು ವೆಬ್‌ಸೈಟ್‌ಗೆ ಪೇಸ್ಟ್ ಮಾಡಿದ್ಲು. ಅರ್ಧ ನಿಮಿಷಕ್ಕೆ ಉತ್ತರ ರೆಡಿ: ಇಷ್ಟು ಜೀನ್ ಉರಿಯೂತಕ್ಕೆ ಸಂಬಂಧಪಟ್ಟಿದ್ದು, ಇಷ್ಟು ಜೀವಕೋಶ ಒಡೆದು ಎರಡಾಗೋದಕ್ಕೆ. "ಅಕ್ಕ, ಆ ಸೈಟಿಗೆ ಇದೆಲ್ಲ ಹೆಂಗೆ ಗೊತ್ತು?" ಅಂದೆ. "ಡೇಟಾಬೇಸ್‌ನಲ್ಲಿ ಇರುತ್ತಲ್ಲೋ" ಅಂದ್ಲು.

ಡೇಟಾಬೇಸ್‌ನಲ್ಲಿ ಇದೆ ಅಂದ್ರೆ ಯಾರೋ ಎಂಟ್ರಿ ಹಾಕಿದ್ದಾರೆ ಅಂತ ಅರ್ಥ. ಬಿಕಾಂ ಓದೋರ ತಲೆಗೆ ತಕ್ಷಣ ಬರೋ ಪ್ರಶ್ನೆ ಇದೇ: ಹಾಕಿದ್ದು ಯಾರು, ಯಾವಾಗ, ವೋಚರ್ ಎಲ್ಲಿ?

ಯಾಕಂದ್ರೆ ಡಿಎನ್‌ಎ ಒಳಗೆ ಎಲ್ಲೂ 'ನಾನು ಇನ್ಸುಲಿನ್ ಜೀನ್' ಅಂತ ಬೋರ್ಡ್ ಇರಲ್ಲ. ಇರೋದು ಎ, ಟಿ, ಜಿ, ಸಿ ಅನ್ನೋ ನಾಲ್ಕೇ ಅಕ್ಷರ. ಮನುಷ್ಯನಲ್ಲಿ ಅಂಥ ಸುಮಾರು 300 ಕೋಟಿ ಅಕ್ಷರಗಳು ಸಾಲಾಗಿವೆ, ಮಧ್ಯೆ ಜಾಗ ಇಲ್ಲ, ಪೂರ್ಣವಿರಾಮ ಇಲ್ಲ. ಅದರಲ್ಲಿ ಜೀನ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ಗುರುತು ಹಾಕಿ, ಪಕ್ಕದಲ್ಲಿ ಅದರ ಕೆಲಸ ಬರೆಯೋದಕ್ಕೆ ಅನೋಟೇಶನ್ ಅಂತಾರೆ. ಹಳೆಗನ್ನಡ ಪಠ್ಯದ ಕೆಳಗೆ ಟಿಪ್ಪಣಿ ಕೊಟ್ಟಿರ್ತಾರಲ್ಲ, ಆ ಥರ. ಮೂಲ ಒಂದೇ ಇರುತ್ತೆ. ಟಿಪ್ಪಣಿ ಬರೆದವರು ತಪ್ಪಿದ್ರೆ ಓದೋರೆಲ್ಲ ತಪ್ಪುತ್ತಾರೆ.

(2/10)
ಈ ಲೆಕ್ಕ ಬರೆಯೋಕೆ ಶುರು ಮಾಡಿದವರಲ್ಲಿ ಮೊದಲ ದೊಡ್ಡ ಹೆಸರು ಮಾರ್ಗರೆಟ್ ಡೇಹಾಫ್. ಅಮೆರಿಕದವರು, ಕೆಮಿಸ್ಟ್ರಿಯಲ್ಲಿ ಡಾಕ್ಟರೇಟ್. 1940ರ ದಶಕದಲ್ಲೇ ಪಂಚ್ ಕಾರ್ಡ್ ಮೆಷಿನ್‌ಗಳನ್ನ ಕೆಮಿಸ್ಟ್ರಿ ಲೆಕ್ಕಕ್ಕೆ ಬಳಸಿದ್ದವರು. (ಪಂಚ್ ಕಾರ್ಡ್ ಕಂತು ಓದಿದವರಿಗೆ ನೆನಪಿರಬಹುದು, ಆ ಮೆಷಿನ್‌ಗಳ ಮೂಲ ಕೆಲಸ ಜನಗಣತಿ ಮತ್ತೆ ಅಕೌಂಟ್ಸ್.)

ಜೀನ್ ಅಂದ್ರೆ ಅಡುಗೆಯ ವಿಧಾನ ಅಂದ್ಕೊಂಡ್ರೆ, ಪ್ರೋಟೀನ್ ಅಂದ್ರೆ ತಯಾರಾದ ಅಡುಗೆ. 60ರ ದಶಕದಲ್ಲಿ ಜೀನ್ ಓದೋಕೆ ಬರ್ತಿರಲಿಲ್ಲ, ಪ್ರೋಟೀನ್‌ನ ಅಮೈನೋ ಆಮ್ಲಗಳ ಸಾಲನ್ನ ಮಾತ್ರ ಕಷ್ಟಪಟ್ಟು ಓದ್ತಿದ್ರು. ಒಂದೊಂದಕ್ಕೂ ವರ್ಷಗಟ್ಟಲೆ ದುಡಿಮೆ. ಫಲಿತಾಂಶಗಳು ಬೇರೆ ಬೇರೆ ಜರ್ನಲ್‌ಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ವು. ಡೇಹಾಫ್ ಮತ್ತೆ ಅವರ ತಂಡ ಅದನ್ನೆಲ್ಲ ಆರಿಸಿ, ತಾಳೆ ನೋಡಿ, 1965ರಲ್ಲಿ ಒಂದು ಪುಸ್ತಕ ಮಾಡಿದ್ರು. 'ಅಟ್ಲಾಸ್ ಆಫ್ ಪ್ರೋಟೀನ್ ಸೀಕ್ವೆನ್ಸ್ ಅಂಡ್ ಸ್ಟ್ರಕ್ಚರ್'. ಅದರಲ್ಲಿದ್ದದ್ದು 65 ಪ್ರೋಟೀನ್. ಜಗತ್ತಿಗೆ ಆಗ ಗೊತ್ತಿದ್ದದ್ದು ಹೆಚ್ಚುಕಮ್ಮಿ ಅಷ್ಟೇ!

ಮೂರು ಅಕ್ಷರದಲ್ಲಿ ಬರೀತಿದ್ದ ಅಮೈನೋ ಆಮ್ಲಗಳಿಗೆ ಒಂದೊಂದೇ ಅಕ್ಷರದ ಸಂಕೇತ ಕೊಟ್ಟವರೂ ಇವರೇ. ಕಂಪ್ಯೂಟರ್‌ನಲ್ಲಿ ಜಾಗ ಉಳಿಸೋಕೆ. ಇವತ್ತಿಗೂ ಅದೇ ನಡೀತಿದೆ.

ಆದರೆ ದುಡ್ಡಿನ ವಿಷಯದಲ್ಲಿ ಡೇಹಾಫ್‌ಗೆ ಯಾವತ್ತೂ ನೆಮ್ಮದಿ ಇರಲಿಲ್ಲ. ಬೇರೆಯವರು ಕಂಡುಹಿಡಿದದ್ದನ್ನ ಸಂಗ್ರಹಿಸೋದು ಸಂಶೋಧನೆ ಅಂತ ಎಷ್ಟೋ ಜನ ಒಪ್ಪುತ್ತಿರಲಿಲ್ಲ. ಅದೊಂದು ಗುಮಾಸ್ತರ ಕೆಲಸ ಅನ್ನೋ ಭಾವನೆ. ಖರ್ಚು ತೂಗಿಸೋಕೆ ಡೇಟಾಕ್ಕೆ ಬೆಲೆ ಇಟ್ಟರೆ 'ನಮ್ಮ ಡೇಟಾ ನಮಗೇ ಮಾರ್ತಾರೆ' ಅನ್ನೋ ಗೊಣಗಾಟ. 1982ರಲ್ಲಿ ಅಮೆರಿಕ ಸರ್ಕಾರ ಡಿಎನ್‌ಎ ಸಾಲುಗಳಿಗೆ ರಾಷ್ಟ್ರೀಯ ಡೇಟಾಬೇಸ್ ಮಾಡಲು ಹೊರಟಾಗ ಆ ಗುತ್ತಿಗೆ ಅವರ ಕೈ ತಪ್ಪಿ ಲಾಸ್ ಅಲಾಮೋಸ್ ಪ್ರಯೋಗಾಲಯದ ಕಡೆ ಹೋಯ್ತು. ಅದೇ ಇವತ್ತಿನ ಜೆನ್‌ಬ್ಯಾಂಕ್. 1983ರಲ್ಲಿ ಡೇಹಾಫ್ ತೀರಿಕೊಂಡರು. ಈ 'ಗುಮಾಸ್ತರ ಕೆಲಸ' ಅನ್ನೋ ಮಾತನ್ನ ನೆನಪಿಟ್ಕೊಳ್ಳಿ, ಮುಂದೆ ಪದೇ ಪದೇ ಬರುತ್ತೆ.

(3/10)
ಸಾಲುಗಳನ್ನ ಸುಮ್ನೆ ಕೂಡಿಟ್ಟು ಏನು ಲಾಭ ಅನ್ನೋ ಪ್ರಶ್ನೆಗೆ ಡೇಹಾಫ್ ತೀರಿಕೊಂಡ ವರ್ಷವೇ ಉತ್ತರ ಸಿಕ್ತು.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ರಸೆಲ್ ಡೂಲಿಟಲ್ ಅನ್ನೋ ಪ್ರೊಫೆಸರ್ ತಮ್ಮದೇ ಆದ ಒಂದು ಸಣ್ಣ ಪ್ರೋಟೀನ್ ಪಟ್ಟಿ ಇಟ್ಕೊಂಡಿದ್ರು. ಜರ್ನಲ್ ನೋಡಿ ಟೈಪ್ ಮಾಡಿದ್ದು. ಮಗನ ಹತ್ರಾನೂ ಟೈಪ್ ಮಾಡಿಸಿದ್ರಂತೆ. 1983ರಲ್ಲಿ ಕೋತಿಗಳಲ್ಲಿ ಗೆಡ್ಡೆ ತರೋ ಒಂದು ವೈರಸ್‌ನ ಕ್ಯಾನ್ಸರ್ ಜೀನನ್ನ, ಹೊಸದಾಗಿ ಪ್ರಕಟವಾಗಿದ್ದ ಒಂದು ಮನುಷ್ಯ ಪ್ರೋಟೀನ್ ಜೊತೆ ಹೋಲಿಸಿ ನೋಡಿದ್ರೆ ಎರಡೂ ಹೆಚ್ಚುಕಮ್ಮಿ ಒಂದೇ! ಆ ಮನುಷ್ಯ ಪ್ರೋಟೀನ್ ಯಾವುದು ಗೊತ್ತಾ? ಗಾಯ ಆದಾಗ ರಕ್ತದ ಪ್ಲೇಟ್‌ಲೆಟ್‌ಗಳು ಬಿಡೋದು, 'ಬೆಳೀರಿ, ಗಾಯ ಮುಚ್ಚಿ' ಅಂತ ಅಕ್ಕಪಕ್ಕದ ಜೀವಕೋಶಗಳಿಗೆ ಹೇಳೋದು. ವೈರಸ್ ಅದೇ ಆಜ್ಞೆಯನ್ನ ಕದ್ದು, ನಿಲ್ಲಿಸದೆ ಕೂಗ್ತಾ ಇತ್ತು. ಲಂಡನ್‌ನ ಇನ್ನೊಂದು ತಂಡವೂ ಅದೇ ಸಮಯಕ್ಕೆ ಇದನ್ನೇ ಕಂಡುಕೊಂಡಿತ್ತು.

ಕ್ಯಾನ್ಸರ್ ಅಂದ್ರೆ ಬೆಳವಣಿಗೆಯ ಸೂಚನೆ ಹಳಿ ತಪ್ಪಿದ್ದು ಅನ್ನೋದಕ್ಕೆ ಇಷ್ಟು ನೇರ ಸಾಕ್ಷಿ, ಪಟ್ಟಿ ತಾಳೆ ನೋಡಿ ಸಿಕ್ಕಿತ್ತು. ಅಲ್ಲಿಂದ ಒಂದು ನಂಬಿಕೆ ಬೇರೂರಿತು: ಸಾಲು ಒಂದೇ ಥರ ಇದ್ರೆ ಕೆಲಸವೂ ಒಂದೇ ಥರ ಇರುತ್ತೆ.

ಆದರೆ ಪಟ್ಟಿ ಬೆಳೀತಾ ಹೋಯ್ತು, ಹೋಲಿಸೋಕೆ ಗಂಟೆಗಟ್ಟಲೆ ಬೇಕಾಯ್ತು. 1985ರಲ್ಲಿ ಲಿಪ್‌ಮನ್ ಮತ್ತು ಪಿಯರ್ಸನ್ ವೇಗದ ಒಂದು ಪ್ರೋಗ್ರಾಂ ಬರೆದ್ರು. 1990ರಲ್ಲಿ ಲಿಪ್‌ಮನ್ ಸೇರಿ ಐದು ಜನ ಬ್ಲಾಸ್ಟ್ ಅನ್ನೋದನ್ನ ತಂದ್ರು. ಉಪಾಯ ಸರಳ. ಎರಡು ಸಾಲನ್ನ ಪೂರ್ತಿ ಹೋಲಿಸೋ ಬದಲು, ಮೊದಲು ಚಿಕ್ಕ ಚಿಕ್ಕ ತುಂಡು ಎಲ್ಲಾದ್ರೂ ಹೊಂದುತ್ತಾ ನೋಡೋದು, ಹೊಂದಿದ ಕಡೆ ಮಾತ್ರ ಎಡಕ್ಕೂ ಬಲಕ್ಕೂ ಬೆಳೆಸೋದು. ಜೊತೆಗೆ ಇನ್ನೊಂದು ಒಳ್ಳೇ ಕೆಲಸ ಮಾಡ್ತು: ಈ ಹೋಲಿಕೆ ಬರೀ ಕಾಕತಾಳೀಯವಾಗಿ ಸಿಗೋ ಸಂಭವ ಎಷ್ಟು ಅಂತ ಒಂದು ಸಂಖ್ಯೆ ಕೊಡ್ತಿತ್ತು. ಇವತ್ತಿಗೂ ಬಯೋಟೆಕ್ ಹುಡುಗರು 'ಬ್ಲಾಸ್ಟ್ ಮಾಡು' ಅಂತ ಕ್ರಿಯಾಪದದ ಥರ ಬಳಸ್ತಾರೆ, ನಾವು 'ಗೂಗಲ್ ಮಾಡು' ಅನ್ನೋ ಹಾಗೆ.

(4/10)
1995. ಸ್ವತಂತ್ರವಾಗಿ ಬದುಕೋ ಒಂದು ಜೀವಿಯ ಪೂರ್ತಿ ಜೀನೋಮ್ ಮೊದಲ ಸಲ ಓದಿ ಮುಗಿಸಿದ್ರು. ಹೀಮೋಫಿಲಸ್ ಇನ್‌ಫ್ಲುಯೆಂಜೆ ಅನ್ನೋ ಬ್ಯಾಕ್ಟೀರಿಯಾ, 18,30,137 ಅಕ್ಷರ. ಕ್ರೇಗ್ ವೆಂಟರ್ ಅವರ ಸಂಸ್ಥೆಯ ಕೆಲಸ. ಕಂಪ್ಯೂಟರ್ 1,743 ಜೀನ್ ಗುರುತಿಸಿತು. ಪ್ರತಿಯೊಂದನ್ನೂ ಹಳೇ ಡೇಟಾಬೇಸ್ ಜೊತೆ ಹೋಲಿಸಿ ಕೆಲಸ ಬರೆದ್ರು. ಹಾಗೂ ಹತ್ತರಲ್ಲಿ ನಾಲ್ಕು ಜೀನ್‌ಗೆ ಏನು ಬರೆಯೋದು ಅಂತ ತಿಳೀಲಿಲ್ಲ.

ಇಂಥವಕ್ಕೆ ಬರೆಯೋ ಹೆಸರು 'ಹೈಪೊಥೆಟಿಕಲ್ ಪ್ರೋಟೀನ್'. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸಸ್ಪೆನ್ಸ್ ಅಕೌಂಟ್. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೇ ಇದ್ದಾಗ ವ್ಯತ್ಯಾಸವನ್ನ ತಾತ್ಕಾಲಿಕವಾಗಿ ಎತ್ತಿಡ್ತೀವಲ್ಲ, ಅದು. ಆಮೇಲೆ ಹುಡುಕಿ ಸರಿ ಮಾಡಬೇಕು ಅನ್ನೋ ಷರತ್ತಿನ ಮೇಲೆ.

ಸಸ್ಪೆನ್ಸ್ ಅಕೌಂಟ್ ಅಪಾಯ ಅಲ್ಲ. ಅಪಾಯ ಇರೋದು ತಪ್ಪು ಖಾತೆಗೆ ಪೋಸ್ಟ್ ಆಗಿರೋ ಎಂಟ್ರಿಯಲ್ಲಿ. ಹೇಗೆ ಅಂದ್ರೆ: ಎ ಅನ್ನೋ ಜೀನಿನ ಕೆಲಸವನ್ನ ಯಾರೋ ಲ್ಯಾಬ್‌ನಲ್ಲಿ ನಿಜವಾಗಿ ಪರೀಕ್ಷೆ ಮಾಡಿದ್ದಾರೆ. ಬಿ ಅದಕ್ಕೆ ಹೋಲುತ್ತೆ, ಹಾಗಾಗಿ ಅದೇ ಕೆಲಸ ಅಂತ ಬರೆದ್ರು. ಸಿ ಅನ್ನೋದು ಬಿಗೆ ಹೋಲುತ್ತೆ. ಅದಕ್ಕೂ ಅದೇ. ಡಿ, ಇ, ಎಫ್... ಕೊನೆಗೆ ಎಫ್‌ಗೂ ಎಗೂ ಸಂಬಂಧವೇ ಇರಲ್ಲ, ಆದರೆ ಲೆಡ್ಜರ್‌ನಲ್ಲಿ ಒಂದೇ ಕೆಲಸ ಬರೆದಿರುತ್ತೆ. ಎಫ್ ನೋಡಿದವರಿಗೆ ಇದು ಐದನೇ ಕೈ ಸುದ್ದಿ ಅಂತ ಗೊತ್ತಾಗೋದೇ ಇಲ್ಲ.

1999ರಲ್ಲಿ ಸ್ಟೀವನ್ ಬ್ರೆನರ್ ಅನ್ನೋ ವಿಜ್ಞಾನಿ ಒಂಥರಾ ಆಡಿಟ್ ಮಾಡಿದ್ರು. ಮೈಕೋಪ್ಲಾಸ್ಮಾ ಜೆನಿಟಾಲಿಯಂ ಅನ್ನೋ ಪುಟ್ಟ ಬ್ಯಾಕ್ಟೀರಿಯಾವನ್ನ ಮೂರು ಬೇರೆ ಬೇರೆ ತಂಡಗಳು ಅನೋಟೇಟ್ ಮಾಡಿದ್ವು. ಮೂರನ್ನೂ ಪಕ್ಕ ಪಕ್ಕ ಇಟ್ಟು, ಕನಿಷ್ಠ ಎರಡು ತಂಡ ಕೆಲಸ ಬರೆದಿದ್ದ 340 ಜೀನ್ ನೋಡಿದ್ರು. ಒಂದೇ ಜೀನಿಗೆ ಇಬ್ಬರು ಪರಸ್ಪರ ಹೊಂದದ ಕೆಲಸ ಬರೆದಿದ್ರೆ ಒಬ್ಬರಾದ್ರೂ ತಪ್ಪಿರಲೇಬೇಕಲ್ವಾ? ಹಾಗೆ ಲೆಕ್ಕ ಹಾಕಿದ್ರೆ ತಪ್ಪು ಕನಿಷ್ಠ 8%. 'ಕನಿಷ್ಠ' ಅನ್ನೋ ಪದ ಗಮನಿಸಿ. ಎಲ್ಲರೂ ಸೇರಿ ಒಂದೇ ತಪ್ಪು ಮಾಡಿದ್ರೆ ಈ ಆಡಿಟ್‌ನಲ್ಲಿ ಸಿಗಲ್ಲ. ಎಲ್ಲರೂ ನೋಡಿ ಬರೆದದ್ದು ಒಂದೇ ಡೇಟಾಬೇಸ್ ಆಗಿದ್ರೆ ಹಾಗಾಗೋದು ಸಹಜವೇ.

(5/10)
ಇದರ ಮಧ್ಯೆ ವೋಚರ್ ಇಲ್ಲದೆ ಎಂಟ್ರಿ ಹಾಕಲ್ಲ ಅಂತ ಹಟ ಹಿಡಿದ ಒಂದು ಅಂಗಡಿ ಇತ್ತು. ಸ್ವಿಟ್ಜರ್‌ಲ್ಯಾಂಡ್‌ನ ಜಿನೀವಾದಲ್ಲಿ. ಹೆಸರು ಸ್ವಿಸ್-ಪ್ರಾಟ್.

ಶುರು ಮಾಡಿದ್ದು ಆಮೋಸ್ ಬೈರೋಕ್, 1986ರಲ್ಲಿ. ಆಗ ಅವರಿನ್ನೂ ಪಿಎಚ್‌ಡಿ ವಿದ್ಯಾರ್ಥಿ. ಪ್ರತಿ ಪ್ರೋಟೀನ್‌ಗೂ ಮನುಷ್ಯರು ಪೇಪರ್ ಓದಿ, ಅರ್ಥ ಮಾಡ್ಕೊಂಡು, ಯಾವ ಪೇಪರ್‌ನಿಂದ ತಗೊಂಡಿದ್ದು ಅಂತ ನಮೂದಿಸಿ ಬರೀಬೇಕು. ಈ ಕೆಲಸ ಮಾಡೋರಿಗೆ ಕ್ಯುರೇಟರ್ ಅಂತಾರೆ. ಮ್ಯೂಸಿಯಂನವರಲ್ಲ, ಪಕ್ಕಾ ಲೆಕ್ಕಿಗರು.

ಹತ್ತು ವರ್ಷದಲ್ಲಿ ಇಡೀ ಜಗತ್ತಿನ ಜೀವವಿಜ್ಞಾನಿಗಳು ಅದನ್ನ ನಂಬಿ ಕೂತ್ರು. 1996ರಲ್ಲಿ ದುಡ್ಡು ನಿಂತು ಹೋಯ್ತು! ಸ್ವಿಸ್ ಅನುದಾನ ಮುಂದುವರಿಯಲಿಲ್ಲ, ಯುರೋಪಿನದ್ದೂ ಸಿಗಲಿಲ್ಲ. ಬೈರೋಕ್ ಇಂಟರ್‌ನೆಟ್‌ನಲ್ಲಿ 'ಮುಚ್ಚಬೇಕಾಗುತ್ತೆ' ಅಂತ ಹಾಕಿದ್ರು. ಜಗತ್ತಿನ ಮೂಲೆ ಮೂಲೆಯಿಂದ ಬೆಂಬಲದ ಪತ್ರಗಳು ಬಂದ್ವು. ಗಲಾಟೆಗೆ ಸರ್ಕಾರ ಎಚ್ಚೆತ್ತುಕೊಂಡು ತಾತ್ಕಾಲಿಕ ಹಣ ಕೊಟ್ಟಿತು. 1998ರಲ್ಲಿ ಸ್ವಿಸ್ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಹುಟ್ಟಿದ್ದು ಈ ಪೇಚಾಟದಿಂದ.

ಅದೇ 1996ರಲ್ಲಿ ಅವರೂ ಒಂದು ರಾಜಿ ಮಾಡ್ಕೊಂಡ್ರು. ಕೈಯಲ್ಲಿ ಬರೆಯೋದು ಪ್ರವಾಹದ ವೇಗಕ್ಕೆ ಸಾಲ್ತಿರಲಿಲ್ಲ. ಹಾಗಾಗಿ ಟ್ರೆಂಬಲ್ ಅನ್ನೋ ಎರಡನೇ ಪುಸ್ತಕ ತೆರೆದ್ರು. ಅದರಲ್ಲಿ ಕಂಪ್ಯೂಟರೇ ಬರೆಯುತ್ತೆ. ಮುಖ್ಯ ವಿಷಯ ಏನಂದ್ರೆ ಎರಡು ಪುಸ್ತಕವನ್ನ ಬೆರೆಸಲಿಲ್ಲ. ಈಗ ಎರಡೂ ಯೂನಿಪ್ರಾಟ್ ಅನ್ನೋ ಒಂದೇ ಛಾವಣಿ ಕೆಳಗಿವೆ. ಕೈಯಲ್ಲಿ ಪರಿಶೀಲಿಸಿದ್ದು ಸುಮಾರು 5.7 ಲಕ್ಷ. ಕಂಪ್ಯೂಟರ್ ಬರೆದದ್ದು 2023ರ ಹೊತ್ತಿಗೆ 20 ಕೋಟಿ ದಾಟಿತ್ತು.

ಹಟದಿಂದ ಲಾಭ ಆಯ್ತಾ? 2009ರಲ್ಲಿ ಅಮೆರಿಕದ ಒಂದು ತಂಡ 37 ಎನ್‌ಜೈಮ್ ಕುಟುಂಬಗಳನ್ನ ತಗೊಂಡು ನಾಲ್ಕು ಡೇಟಾಬೇಸ್ ಪರೀಕ್ಷೆ ಮಾಡಿತು. ಸ್ವಿಸ್-ಪ್ರಾಟ್‌ನಲ್ಲಿ ಹೆಚ್ಚಿನ ಕುಟುಂಬಗಳಿಗೆ ತಪ್ಪು ಸೊನ್ನೆಯ ಹತ್ತಿರ. ಉಳಿದ ಮೂರರಲ್ಲಿ, ಗುಂಪಿನಿಂದ ಗುಂಪಿಗೆ, ಸರಾಸರಿ ತಪ್ಪು 5%ರಿಂದ 63%ವರೆಗೆ. ಟ್ರೆಂಬಲ್ ಕೂಡ ಆ ಮೂರರಲ್ಲಿ ಒಂದು. 63%! ನಾಣ್ಯ ಚಿಮ್ಮಿದ್ರೂ ಇದಕ್ಕಿಂತ ಚೆನ್ನಾಗಿ ಬರ್ತಿತ್ತೇನೋ ಅನ್ಸುತ್ತೆ.

(6/10)
ಇನ್ನೊಂದು ತಲೆನೋವು ಹೆಸರಿನದ್ದು. ಒಂದೇ ಸರಕಿಗೆ ಒಂದೊಂದು ಊರಿನ ಮಂಡಿಯಲ್ಲಿ ಒಂದೊಂದು ಹೆಸರು ಇದ್ದ ಹಾಗೆ. ಹಣ್ಣಿನ ನೊಣದ ಮೇಲೆ ಕೆಲಸ ಮಾಡೋರು ತಮಾಷೆಗೆ ಹೆಸರಿಡ್ತಿದ್ರು. ಬೇಗ ಅಮಲೇರೋ ನೊಣದ ಜೀನಿಗೆ 'ಚೀಪ್ ಡೇಟ್', ಹೃದಯವೇ ಬೆಳೆಯದ ನೊಣದ ಜೀನಿಗೆ 'ಟಿನ್‌ಮ್ಯಾನ್'. ಯೀಸ್ಟ್‌ನವರದ್ದು ಬೇರೆ ಪದ್ಧತಿ, ಇಲಿಯವರದ್ದು ಇನ್ನೊಂದು. ಕೆಲಸ ವಿವರಿಸೋ ಭಾಷೆಯೂ ಬೇರೆ ಬೇರೆ. ಒಬ್ಬರ ಲೆಡ್ಜರ್ ಇನ್ನೊಬ್ಬರಿಗೆ ಓದೋಕೆ ಆಗ್ತಿರಲಿಲ್ಲ.

1998ರಲ್ಲಿ ನೊಣ, ಯೀಸ್ಟ್, ಇಲಿ ಡೇಟಾಬೇಸ್‌ನವರು ಒಟ್ಟಿಗೆ ಕೂತು ಒಂದು ಒಪ್ಪಂದಕ್ಕೆ ಬಂದ್ರು. ಕೇಂಬ್ರಿಡ್ಜ್‌ನ ಮೈಕೆಲ್ ಆಶ್‌ಬರ್ನರ್ ಇದರ ಹಿಂದಿದ್ದ ಮುಖ್ಯ ವ್ಯಕ್ತಿಗಳಲ್ಲಿ ಒಬ್ಬರು. ಜೀನಿಗೆ ಹೆಸರು ಏನಾದ್ರೂ ಇಟ್ಕೊಳ್ಳಿ, ಕೆಲಸ ಬರೆಯೋವಾಗ ಮಾತ್ರ ಎಲ್ಲರೂ ಒಂದೇ ಪದಕೋಶ ಬಳಸೋಣ. ಇದೇ ಜೀನ್ ಆಂಟಾಲಜಿ. 2000ನೇ ಇಸವಿಯಲ್ಲಿ ಪೇಪರ್ ಪ್ರಕಟವಾಯಿತು. ಮೂರು ಕಾಲಂ: ಇದು ಯಾವ ರಾಸಾಯನಿಕ ಕೆಲಸ ಮಾಡುತ್ತೆ, ಯಾವ ದೊಡ್ಡ ಪ್ರಕ್ರಿಯೆಯ ಭಾಗ, ಜೀವಕೋಶದ ಯಾವ ಜಾಗದಲ್ಲಿ ಇರುತ್ತೆ. ನಮ್ಮಲ್ಲಿ ಎಲ್ಲಾ ಕಂಪನಿಗಳೂ ಬ್ಯಾಲೆನ್ಸ್ ಶೀಟನ್ನ ಒಂದೇ ನಮೂನೆಯಲ್ಲಿ ಕೊಡಬೇಕು ಅಂತ ಕಾನೂನು ಇದೆಯಲ್ಲ, ಇದು ಅದರ ಥರವೇ, ಆದರೆ ಕಾನೂನು ಇಲ್ಲದೆ.

ನನಗೆ ತುಂಬಾ ಇಷ್ಟ ಆಗಿದ್ದು ಇನ್ನೊಂದು. ಪ್ರತಿ ಎಂಟ್ರಿಯ ಪಕ್ಕ ಒಂದು ಚಿಕ್ಕ ಕೋಡ್ ಹಾಕಲೇಬೇಕು, ಇದಕ್ಕೆ ಆಧಾರ ಏನು ಅಂತ. ಐಡಿಎ ಅಂತಿದ್ರೆ ನೇರ ಪ್ರಯೋಗ ಮಾಡಿ ನೋಡಿದ್ದು. ಐಇಎ ಅಂತಿದ್ರೆ ಕಂಪ್ಯೂಟರ್ ಊಹಿಸಿದ್ದು, ಯಾರೂ ಕಣ್ಣಾಡಿಸಿಲ್ಲ. ಮತ್ತೆ ಎನ್‌ಡಿ ಅಂತ ಒಂದಿದೆ: ಕ್ಯುರೇಟರ್ ಕೂತು ಹುಡುಕಿದ್ದಾರೆ, ಏನೂ ಸಿಗಲಿಲ್ಲ. ಖಾಲಿ ಬಿಡೋದಕ್ಕೂ 'ನೋಡಿದ್ವಿ, ಇಲ್ಲ' ಅಂತ ಬರೆಯೋದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಆಡಿಟಿಂಗ್ ಓದಿದವರಿಗೆ ಹೇಳಬೇಕಾಗಿಲ್ಲ.

ಬೇಜಾರಿನ ಸಂಗತಿ: ಈ ಕೋಡನ್ನ ನೋಡೋರು ಕಮ್ಮಿ. ಹೆಚ್ಚಿನ ಎಂಟ್ರಿಗಳು ಐಇಎ. ಟೂಲ್‌ಗೆ ಪಟ್ಟಿ ಪೇಸ್ಟ್ ಮಾಡಿದಾಗ ಪ್ರಯೋಗ ಮಾಡಿದ್ದೂ ಊಹಿಸಿದ್ದೂ ಒಂದೇ ಬಣ್ಣದ ಬಾರ್ ಚಾರ್ಟ್ ಆಗಿ ಬರುತ್ತೆ.

(7/10)
ಸಣ್ಣ ಬ್ರೇಕ್. ಮನುಷ್ಯನಲ್ಲಿ ಜೀನ್ ಎಷ್ಟು ಅಂತ 2000ರಲ್ಲಿ ವಿಜ್ಞಾನಿಗಳು ಬಾಜಿ ಕಟ್ಟಿದ್ರು. ನ್ಯೂಯಾರ್ಕ್ ಹತ್ತಿರದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ಬಾರ್‌ನಲ್ಲಿ ಇವಾನ್ ಬರ್ನಿ ಒಂದು ನೋಟ್‌ಬುಕ್ ತೆರೆದ್ರು. ಆ ವರ್ಷ ಬಾಜಿಗೆ 1 ಡಾಲರ್, ಮುಂದಿನ ವರ್ಷ 5, ಅದರ ಮುಂದಿನ ವರ್ಷ 20. ಮಾಹಿತಿ ಹೆಚ್ಚಾದ ಹಾಗೆ ರೇಟ್ ಜಾಸ್ತಿ, ಸರಿಯಾದ ವ್ಯಾಪಾರ! ಒಂದೂವರೆ ಲಕ್ಷದವರೆಗೂ ಕಟ್ಟಿದವರಿದ್ರು. 2003ರಲ್ಲಿ ಗೆದ್ದದ್ದು ಲೀ ರೋವೆನ್, ಎಲ್ಲರಿಗಿಂತ ಕಡಿಮೆ ಸಂಖ್ಯೆ ಹೇಳಿದವರು: 25,947. ಅದೂ ಜಾಸ್ತಿಯೇ ಆಯ್ತು. ಪ್ರೋಟೀನ್ ತಯಾರಿಸೋ ಜೀನ್‌ಗಳು ಈಗಿನ ಲೆಕ್ಕದಲ್ಲಿ 20,000ದ ಆಸುಪಾಸು.

(8/10)
ಅಕ್ಕ ಬಳಸಿದ ಥರದ ಟೂಲ್‌ಗಳಿಗೆ ಈಗ ಬರೋಣ.

2000ದ ಆಸುಪಾಸಿನಲ್ಲಿ ಸಾವಿರಾರು ಜೀನ್‌ಗಳನ್ನ ಒಂದೇ ಸಲ ಅಳೆಯೋ ಚಿಪ್‌ಗಳು ಬಂದ್ವು. ಕಾಯಿಲೆ ಇರೋರು ಮತ್ತೆ ಇಲ್ಲದವರ ಮಧ್ಯೆ ವ್ಯತ್ಯಾಸ ಇರೋ ಐನೂರು ಜೀನ್ ಸಿಗುತ್ತೆ. ಮುಂದೇನು? ಒಂದೊಂದಾಗಿ ಓದೋಕೆ ಜನ್ಮ ಸಾಲಲ್ಲ. ಹಾಗಾಗಿ ಜೀನ್ ಆಂಟಾಲಜಿ ಲೆಡ್ಜರ್ ಇಟ್ಕೊಂಡು, ಈ ಪಟ್ಟಿಯಲ್ಲಿ ಯಾವ ಕೆಲಸದ ಜೀನ್‌ಗಳು ನಿರೀಕ್ಷೆಗಿಂತ ಜಾಸ್ತಿ ಇವೆ ಅಂತ ಲೆಕ್ಕ ಹಾಕೋ ಟೂಲ್‌ಗಳು ಬಂದ್ವು. 2003ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಿಂದ ಬಂದ ಡೇವಿಡ್ ಬಹಳ ಜನಪ್ರಿಯ.

ಅದೇ ವರ್ಷ ವಂಸಿ ಮೂಥ ಮತ್ತವರ ತಂಡ ಡಯಾಬಿಟಿಸ್ ಬಗ್ಗೆ ಒಂದು ಕೆಲಸ ಮಾಡಿದ್ರು. ಡಯಾಬಿಟಿಸ್ ಇರೋರ ಸ್ನಾಯುವನ್ನ ಇಲ್ಲದವರ ಜೊತೆ ಹೋಲಿಸಿದ್ರೆ ಒಂದೇ ಒಂದು ಜೀನ್ ಕೂಡ ಖಚಿತವಾಗಿ ಬೇರೆ ಅಂತ ಬರಲಿಲ್ಲ. ಬೇರೆಯವರಾದ್ರೆ ಕಡತ ಮುಚ್ಚಿ ಎದ್ದು ಹೋಗ್ತಿದ್ರೇನೋ. ಇವರು ಜೀನ್‌ಗಳನ್ನ ಗುಂಪು ಗುಂಪಾಗಿ ನೋಡಿದ್ರು. ಆಮ್ಲಜನಕ ಬಳಸಿ ಶಕ್ತಿ ತಯಾರಿಸೋ ಗುಂಪಿನಲ್ಲಿ ಹೆಚ್ಚುಕಮ್ಮಿ ಎಲ್ಲಾ ಜೀನ್‌ಗಳೂ ಸುಮಾರು 20% ಇಳಿದಿದ್ವು! ಕಿರಾಣಿ ಅಂಗಡಿ ಲೆಕ್ಕ ನೋಡಿ. ಒಬ್ಬ ಗಿರಾಕಿ ಈ ತಿಂಗಳು 20% ಕಮ್ಮಿ ಸಾಮಾನು ಒಯ್ದ್ರೆ ಏನೂ ಅನ್ಸಲ್ಲ. ಬೀದಿಯಲ್ಲಿರೋ ನೂರು ಮನೆಯೂ ಒಟ್ಟಿಗೆ 20% ಇಳಿಸಿದ್ರೆ ಆ ಬೀದಿಗೆ ಏನೋ ಆಗಿದೆ ಅಂತಲೇ. ಈ ಉಪಾಯವೇ ಬೆಳೆದು 2005ರಲ್ಲಿ ಜಿಎಸ್‌ಇಎ ಅನ್ನೋ ಸಾಫ್ಟ್‌ವೇರ್ ಆಯ್ತು. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡದ್ದು ಇದು.

ಆದರೆ ಗುಂಪು ಮಾಡೋದು ಲೆಡ್ಜರ್ ನೋಡಿ ತಾನೇ? ಡೇವಿಡ್‌ನ ಒಳಗಿದ್ದ ಲೆಡ್ಜರ್ 2010ರಿಂದ 2016ರವರೆಗೆ ಅಪ್‌ಡೇಟ್ ಆಗಿರಲಿಲ್ಲ. ವೆಬ್‌ಸೈಟ್ ಚೆನ್ನಾಗೇ ಓಡ್ತಿತ್ತು, ಉತ್ತರವೂ ಬರ್ತಿತ್ತು. ಎಂಟ್ರಿ ಹಾಕಿಸದ ಪಾಸ್‌ಬುಕ್ ಹಿಡ್ಕೊಂಡು ಬ್ಯಾಲೆನ್ಸ್ ಹೇಳಿದ ಹಾಗೆ. 2016ರಲ್ಲಿ ಕೆನಡಾದ ಒಂದು ತಂಡ ಇಂಥ ಟೂಲ್ ಬಳಸಿದ ಸುಮಾರು 3,900 ಪೇಪರ್ ಜಾಲಾಡಿತು. ಅವೆಲ್ಲ 2015ರಲ್ಲಿ ಬಂದಿದ್ದವು. 67% ಪೇಪರ್‌ಗಳು ಹಳೇ ಮಾಹಿತಿಯ ಸಾಫ್ಟ್‌ವೇರ್ ಬಳಸಿದ್ವು. ಹೊಸ ಮಾಹಿತಿಯಲ್ಲಿ ಸಿಗೋ ಸಂಗತಿಗಳ ಪೈಕಿ ಆ ಹಳೇದು ಹಿಡೀತಿದ್ದದ್ದು 26% ಮಾತ್ರ. (ಅಕ್ಕನಿಗೆ ಇದನ್ನ ಫಾರ್ವರ್ಡ್ ಮಾಡಿದೆ. ಅವಳು ಬಳಸಿದ್ದು ಹೊಸ ಆವೃತ್ತಿ, ಚೆಕ್ ಮಾಡಿದ್ಲು.)

ಮತ್ತೆ ನಮ್ಮ ಪ್ರೀತಿಯ ಎಕ್ಸೆಲ್. ಸೆಪ್ಟಿನ್ ಅನ್ನೋ ಜೀನ್‌ಗಳ ಗುಂಪಿದೆ. ಇಂಗ್ಲಿಷ್‌ನಲ್ಲಿ ಎಸ್ ಇ ಪಿ ಟಿ ಅಂತ ಬರೆದು ಪಕ್ಕದಲ್ಲಿ 2 ಹಾಕಿ ಎಂಟರ್ ಒತ್ತಿದ್ರೆ ಅದು ಸೆಪ್ಟೆಂಬರ್ 2 ಆಗಿಬಿಡುತ್ತೆ. ಮಾರ್ಚ್ ಅನ್ನೋ ಜೀನ್‌ಗಳಿಗೂ ಇದೇ ಗತಿ. ಈ ತೊಂದರೆ 2004ರಲ್ಲೇ ಪ್ರಕಟವಾಗಿತ್ತು. 2016ರಲ್ಲಿ ಆಸ್ಟ್ರೇಲಿಯಾದವರು ಎಣಿಸಿ ನೋಡಿದ್ರೆ, ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟಿದ್ದ ಪೇಪರ್‌ಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಜೀನ್‌ಗಳು ತಾರೀಖು ಆಗಿದ್ವು. ಕೊನೆಗೆ ಸೋತದ್ದು ವಿಜ್ಞಾನ. 2020ರಲ್ಲಿ ಮನುಷ್ಯನ ಜೀನ್‌ಗಳಿಗೆ ಹೆಸರಿಡೋ ಸಮಿತಿ ಜೀನ್‌ಗಳ ಹೆಸರನ್ನೇ ಬದಲಾಯಿಸಿತು. ಈ ಆಟೋಮ್ಯಾಟಿಕ್ ಬದಲಾವಣೆ ಆಫ್ ಮಾಡೋ ಆಯ್ಕೆ ಎಕ್ಸೆಲ್‌ನಲ್ಲಿ ಬಂದದ್ದು 2023ರಲ್ಲಿ.

(9/10)
ಈಗ ವೈಟ್‌ಫೀಲ್ಡ್‌ಗೆ ಬನ್ನಿ. ಹೌದು, ನಮ್ಮ ಬೆಂಗಳೂರಿನ ವೈಟ್‌ಫೀಲ್ಡ್. ಐಟಿಪಿಎಲ್ ಅಂದ್ರೆ ಕ್ಯಾಬು, ಟ್ರಾಫಿಕ್ಕು, ಸಾಫ್ಟ್‌ವೇರ್ ಕಂಪನಿ ಅಷ್ಟೇ ನೆನಪಾಗುತ್ತೆ. ಅದೇ ಆವರಣದಲ್ಲಿ 2002ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಶುರುವಾಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಅಖಿಲೇಶ್ ಪಾಂಡೆ ಸ್ಥಾಪಕರು.

ಅಲ್ಲಿ ಜೀವವಿಜ್ಞಾನ ಓದಿದ ಯುವಕ ಯುವತಿಯರು ಕೂತು ಮಾಡ್ತಿದ್ದದ್ದು ಓದೋ ಕೆಲಸ. ಮನುಷ್ಯನ ಒಂದೊಂದು ಪ್ರೋಟೀನ್ ತಗೊಂಡು, ಅದರ ಬಗ್ಗೆ ಬಂದ ಪೇಪರ್‌ಗಳನ್ನ ಓದಿ, ಅದು ಯಾವುದರ ಜೊತೆ ಸೇರುತ್ತೆ, ದೇಹದಲ್ಲಿ ಎಲ್ಲಿ ಸಿಗುತ್ತೆ, ಯಾವ ಕಾಯಿಲೆಗೆ ನಂಟು ಅಂತ ಎಂಟ್ರಿ ಹಾಕೋದು. ಹೆಸರು ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್. 2003ರಲ್ಲಿ ಮೊದಲ ಪೇಪರ್ ಬಂದಾಗ ಅದರಲ್ಲಿ 2,750 ಪ್ರೋಟೀನ್ ಇತ್ತು. ಅಷ್ಟಕ್ಕೆ ಓದಿದ ಲೇಖನಗಳು 3 ಲಕ್ಷಕ್ಕೂ ಹೆಚ್ಚು. ಸಂಖ್ಯೆಯನ್ನ ಇನ್ನೊಂದು ಸಲ ಓದಿ. 2010ರ ಆವೃತ್ತಿಯಲ್ಲಿ ಎಂಟ್ರಿಗಳು 30,000 ದಾಟಿದ್ವು.

ಜಗತ್ತಿನಾದ್ಯಂತ ಕ್ಯಾನ್ಸರ್ ಸಂಶೋಧಕರು ಆ ಡೇಟಾ ಇಳಿಸಿಕೊಂಡು ನೆಟ್‌ವರ್ಕ್ ಚಿತ್ರ ಬರೆದ್ರು. ಆಮೇಲೆ ಬಂದ ಎಷ್ಟೋ ಟೂಲ್‌ಗಳ ಹೊಟ್ಟೆಯೊಳಗೆ ವೈಟ್‌ಫೀಲ್ಡ್‌ನಲ್ಲಿ ಹಾಕಿದ ಎಂಟ್ರಿಗಳಿವೆ. 'ಔಟ್‌ಸೋರ್ಸಿಂಗ್ ಅಂದ್ರೆ ಬರೀ ಕಾಲ್ ಸೆಂಟರ್' ಅನ್ನೋರಿಗೆ ಇದನ್ನ ತೋರಿಸಬೇಕು. ಗುಮಾಸ್ತರ ಕೆಲಸ ಅಂತ ಡೇಹಾಫ್‌ಗೆ ಅಂದ್ರಲ್ಲ, ಅದೇ ಕೆಲಸ. 2010ರ ನಂತರ ಆ ಡೇಟಾಬೇಸ್‌ನ ಹೊಸ ಆವೃತ್ತಿ ಬರಲಿಲ್ಲ.

ಆ ಸಂಸ್ಥೆ ನಿಲ್ಲಲಿಲ್ಲ. 2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ಜೊತೆ ಸೇರಿ ಮನುಷ್ಯನ ಪ್ರೋಟೀನ್‌ಗಳ ಕರಡು ನಕ್ಷೆ ಪ್ರಕಟಿಸಿತು, 17,294 ಜೀನ್‌ಗಳ ಪ್ರೋಟೀನ್‌ಗಳನ್ನ ನೇರವಾಗಿ ಕಂಡದ್ದು. ಸ್ಪೇನ್‌ನ ಸಂಶೋಧಕರು ಕೂಡಲೇ ಒಂದು ತಕರಾರು ತೆಗೆದ್ರು: ವಾಸನೆ ಗ್ರಹಿಸೋ ಪ್ರೋಟೀನ್‌ಗಳೂ ಸಿಕ್ಕಿವೆ ಅಂತ ಇದೆ, ಆದರೆ ಪರೀಕ್ಷಿಸಿದ ಮಾದರಿಗಳಲ್ಲಿ ಮೂಗಿನ ಅಂಗಾಂಶವೇ ಇಲ್ಲವಲ್ಲ! ಒಳ್ಳೆ ಲೆಡ್ಜರ್‌ನ ಲಕ್ಷಣ ಅಂದ್ರೆ ಇದೇ ಅಂತೀನಿ ನಾನು. ಎಂಟ್ರಿ ಬಯಲಲ್ಲಿತ್ತು, ಹಾಗಾಗಿ ಹಿಡಿಯೋಕೆ ಸಾಧ್ಯವಾಯ್ತು.

(10/10)
ಎಂಟ್ರಿ ತಪ್ಪಿದ್ರೆ ಯಾರಿಗೆ ನಷ್ಟ?

2016ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. ಹೃದಯದ ಸ್ನಾಯು ದಪ್ಪವಾಗೋ ಒಂದು ವಂಶವಾಹಿ ಕಾಯಿಲೆ ಇದೆ, ಚಿಕ್ಕ ವಯಸ್ಸಿನವರು ಆಟ ಆಡ್ತಾ ಆಡ್ತಾ ಕುಸಿದು ಹೋಗೋದಕ್ಕೆ ಅದೂ ಒಂದು ಕಾರಣ. 'ಈ ಬದಲಾವಣೆ ಇದ್ರೆ ಕಾಯಿಲೆ' ಅಂತ ದಾಖಲಾಗಿದ್ದ ಕೆಲವು ಡಿಎನ್‌ಎ ಬದಲಾವಣೆಗಳು ಕಪ್ಪು ಅಮೆರಿಕನ್ನರಲ್ಲಿ ಆರೋಗ್ಯವಂತರಲ್ಲೂ ಸಾಮಾನ್ಯವಾಗಿದ್ವು. ಅಂದ್ರೆ ಅದು ಕಾಯಿಲೆಯೇ ಅಲ್ಲ. ಮೊದಲು ಎಂಟ್ರಿ ಹಾಕಿದಾಗ ಹೋಲಿಕೆಗೆ ತಗೊಂಡವರಲ್ಲಿ ಅವರ ಜನ ಇರಲಿಲ್ಲ ಅಷ್ಟೇ. ಅಷ್ಟರಲ್ಲಿ ಹಲವರಿಗೆ 'ಇದೆ' ಅಂತ ರಿಪೋರ್ಟ್ ಹೋಗಿತ್ತು.

ನಮ್ಮ ಜನರ ಲೆಕ್ಕವೂ ಜಗತ್ತಿನ ಡೇಟಾಬೇಸ್‌ಗಳಲ್ಲಿ ಬಹಳ ತೆಳು. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ದೇಶದ 10,000 ಜನರ ಜೀನೋಮ್ ಓದಿತು. 2025ರ ಜನವರಿಯಲ್ಲಿ ಆ ಡೇಟಾ ಸಂಶೋಧಕರಿಗೆ ತೆರೆಯಿತು. ಅಕ್ಷರಗಳು ಬಂದ್ವು. ಪಕ್ಕದಲ್ಲಿ ಟಿಪ್ಪಣಿ ಬರೆಯೋ ಕೆಲಸ ಬಾಕಿ ಇದೆ, ಅದಕ್ಕೆ ಓದೋ ಜನ ಬೇಕು, ಸಂಬಳ ಬೇಕು.

ಇನ್ನು ಎಐ. 2022ರಲ್ಲಿ ಯೂನಿಪ್ರಾಟ್ ಗೂಗಲ್‌ನ ಒಂದು ಮಾಡೆಲ್ ಬಳಸಿ, ಹೆಸರೇ ಇಲ್ಲದೆ ಬಿದ್ದಿದ್ದ ಸುಮಾರು 4.9 ಕೋಟಿ ಪ್ರೋಟೀನ್‌ಗಳಿಗೆ ಹೆಸರು ಸೂಚಿಸಿತು. ಸಸ್ಪೆನ್ಸ್ ಅಕೌಂಟ್‌ನ ಬಹುದೊಡ್ಡ ಗಂಟು ಒಂದೇ ಏಟಿಗೆ ಕ್ಲಿಯರ್! ಮೆಷಿನ್ ಕೊಟ್ಟ ಹೆಸರು ಅಂತ ಪಕ್ಕದಲ್ಲಿ ನಮೂದಿಸಿದ್ದಾರೆ, ಅದು ಸಮಾಧಾನ. ಆ ನಮೂದು ಮುಂದಿನ ಕಾಪಿ-ಪೇಸ್ಟ್‌ನಲ್ಲಿ ಉಳಿಯುತ್ತಾ ಅನ್ನೋದು ನನ್ನ ಅನುಮಾನ. ನಾಲ್ಕನೇ ಪೋಸ್ಟ್‌ನ ಎ-ಬಿ-ಸಿ-ಡಿ ಕಥೆ ನೆನಪು ಮಾಡ್ಕೊಳ್ಳಿ.

ಇದಕ್ಕೆ ಉಲ್ಟಾ ದಾರಿ ಹಿಡಿದ ಒಂದು ಟೂಲ್ ಇದೆ. 2023ರಲ್ಲಿ ಬ್ರಿಟನ್‌ನ ವಿಜ್ಞಾನಿಗಳು 'ಅನ್‌ನೋಮ್' ಅಂತ ಪ್ರಕಟಿಸಿದ್ರು. ಬೇರೆ ಡೇಟಾಬೇಸ್‌ಗಳು ಗೊತ್ತಿರೋದನ್ನ ಪಟ್ಟಿ ಮಾಡಿದ್ರೆ ಇದು ಯಾವ ಜೀನ್ ಬಗ್ಗೆ ಎಷ್ಟು ಕಮ್ಮಿ ಗೊತ್ತು ಅಂತ ಅಂಕ ಕೊಟ್ಟು ಸಾಲಾಗಿ ನಿಲ್ಲಿಸುತ್ತೆ. ಅದರ ಲೆಕ್ಕಕ್ಕೆ ಆಧಾರ ಜೀನ್ ಆಂಟಾಲಜಿಯ ಎಂಟ್ರಿಗಳೇ. ಅದರಲ್ಲೂ ಕಂಪ್ಯೂಟರ್ ಊಹೆಗಿಂತ ಪ್ರಯೋಗದ ಆಧಾರ ಇರೋದಕ್ಕೆ ಹೆಚ್ಚು ತೂಕ. ಆ ಪಟ್ಟಿಯ ತಳದಿಂದ, ಮನುಷ್ಯನಲ್ಲೂ ಹಣ್ಣಿನ ನೊಣದಲ್ಲೂ ಇರೋ 260 ಜೀನ್ ಆರಿಸಿ, ನೊಣದಲ್ಲಿ ಒಂದೊಂದನ್ನೇ ತಗ್ಗಿಸಿ ನೋಡಿದ್ರು. ಸುಮಾರು ನಾಲ್ಕನೇ ಒಂದು ಭಾಗದಷ್ಟು ಜೀನ್‌ಗಳ ವಿಷಯದಲ್ಲಿ ನೊಣ ಬದುಕಲೇ ಇಲ್ಲ. ಅವೆಲ್ಲ ನಮ್ಮೊಳಗೂ ಇವೆ. ಯಾವುದರ ಮುಂದೂ ನೆಚ್ಚಬಹುದಾದ ಒಂದು ಸಾಲೂ ಇರಲಿಲ್ಲ.

#ಲೆಕ್ಕದಪುಸ್ತಕ #ಕನ್ನಡ #ವಿಜ್ಞಾನದಇತಿಹಾಸ #ಜೀನ್ #ಬಿಕಾಂಹುಡುಗ